ಮಗಳಿಗೆ ಮುಕ್ಕಾಲು ಯಾಕೆ?

ಸೆಕೆಂಡ್ ಹ್ಯಾಂಡ್ ಸಾಮಾನು ಕೊಳ್ಳುವುದರಲ್ಲಿ ಮಾನ್ವಿಯಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಆ ಶುಕ್ರವಾರದವರೆಗೆ ನಂಬಿದ್ದೆ. ಆದ್ದರಿಂದ ಮಗಳು ಶಾಲಿನಿಗೆ ಹಳೆಯ ಡಬಲ್ ಬೇಸ್ ತರುವ ಜವಾಬ್ದಾರಿಯನ್ನು ನಾನೇ ಕೇಳಿ ಪಡೆದೆ. ಡಬಲ್ ಬೇಸ್ ಎಂದರೆ ಆಳಿಗಿಂತ ಎತ್ತರದ ಪಿಟೀಲು. ನಿಂತು, ತಬ್ಬಿಕೊಂಡು ನುಡಿಸಬೇಕು. ಹೈದರಾಬಾದಿನಲ್ಲಿ ಓದುವಾಗ ಕಲಿತಿದ್ದಳು. ಭಾನುವಾರ ರಾಯಚೂರಿನಲ್ಲಿ ಅವಳ ತಂಡದ ಮೊದಲ ಕಾರ್ಯಕ್ರಮ. ಎರವಲು ಕೊಟ್ಟಿದ್ದವರು ವಾದ್ಯವನ್ನು ವಾಪಸು ಒಯ್ದಿದ್ದರು. ಬೇರೆ ಸಿಗದಿದ್ದರೆ ಅವಳ ಜಾಗದಲ್ಲಿ ಇನ್ನೊಬ್ಬರು ನಿಲ್ಲುತ್ತಿದ್ದರು.

“ಅಪ್ಪಾ, ಮುಕ್ಕಾಲು ಸೈಜಿಂದು ತರ್ರಿ. ನನಗ ಅದು ಸಾಕು.”

ಆ ‘ಸಾಕು’ ನನ್ನ ಎದೆಗೆ ನಾಟಿತು. ಅಪ್ಪನ ಕಿಸೆಗೆ ಮರುಗಿ ಮಗಳು ಕಾಲು ಭಾಗ ಬಿಟ್ಟುಕೊಡುತ್ತಿದ್ದಾಳೆ! ನಾನೇನು ಸತ್ತಿದ್ದೇನೆಯೇ? ರಾಯಚೂರು ಮುಟ್ಟುವವರೆಗೆ ಬಸ್ಸಿನಲ್ಲಿ ಒಬ್ಬನೇ ಸಿಟ್ಟು ಬೆಳೆಸುತ್ತ ಹೋದೆ.

ಮಾರುವವನು ಹಿಂದೆ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದವನು. ಗೋಡೆಗೆ ಎರಡು ಡಬಲ್ ಬೇಸ್ ಒರಗಿಸಿದ್ದ. ನುಡಿಸುವವಳು ನನ್ನ ಮಗಳು ಎಂದೆ.

“ಎಷ್ಟು ಎತ್ತರ ಅದಾಳ್ರೀ? ಬೆರಳು ಉದ್ದ ಅದಾವೇನು?”

ಬೀಗರು ಕೂಡ ಬೆರಳು ವಿಚಾರಿಸುವುದಿಲ್ಲ! ನಾನು ವಾದ್ಯ ನೋಡಲು ಬಂದಿದ್ದೇನೆ, ಹೆಣ್ಣು ತೋರಿಸಲು ಅಲ್ಲ ಎಂದು ಹರಿಹಾಯ್ದೆ. ಆತ ಚಿಕ್ಕದನ್ನು ಮುಂದಿಟ್ಟು, ಇದು ಮುಕ್ಕಾಲು, ಸಾಮಾನ್ಯವಾಗಿ ಎಲ್ಲರೂ... ಎನ್ನುವಷ್ಟರಲ್ಲಿ ನನ್ನ ಸಹನೆ ಮುಗಿಯಿತು.

“ಮುಕ್ಕಾಲು ನಿಮ್ಮಲ್ಲೇ ಇರ್ಲಿ. ನಮಗ ಪೂರ್ತಿದು ಕೊಡ್ರಿ.”

ಆತ ಕೈಮುಗಿದು ಕೊಟ್ಟ.

ಧೂಳಾಗದಿರಲೆಂದು ಅದಕ್ಕೆ ಬಿಳಿ ದುಪ್ಪಟಿ ಸುತ್ತಿ, ಗೂಡ್ಸ್ ಆಟೋದಲ್ಲಿ ಅಡ್ಡ ಮಲಗಿಸಿ, ಪಕ್ಕದಲ್ಲಿ ಮುಖ ಗಂಟಿಕ್ಕಿಕೊಂಡು ಕುಳಿತೆ. ಕಲ್ಲೂರಿನಲ್ಲಿ ಚಹಾಕ್ಕೆ ನಿಂತಾಗ ಹಿರಿಯರೊಬ್ಬರು ಚಪ್ಪಲಿ ಕಳಚಿ ಕೈಮುಗಿದರು.

“ಪಾಪ, ಯಾವಾಗ ಹೋದ್ರು? ಭಾಳ ಎತ್ತರದ ಮನಷ್ಯಾ ಇದ್ರು ಅಂತ ಕಾಣಸ್ತದ.”

ಪಿಟೀಲು ಎಂದು ಗದರಿದೆ. ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡು ನನ್ನ ಚಹಾಕ್ಕೆ ದುಡ್ಡು ಅವರೇ ಕೊಟ್ಟರು!

ಮನೆಯ ಬಾಗಿಲಲ್ಲಿ ಅದು ಹಿಡಿಯಲಿಲ್ಲ. ನಾನು ಬಾಗಿಲಿಗೆ ಬೈದೆ, ಕಟ್ಟಿದ ಮೇಸ್ತ್ರಿಗೆ ಬೈದೆ. ಕೊನೆಗೆ ಅಂಗಳದಲ್ಲೇ ನಿಲ್ಲಿಸಿದೆವು. ಶಾಲಿನಿ ತಬ್ಬಿಕೊಂಡಳು; ಎಡಗೈ ಬೆರಳುಗಳನ್ನು ಎಷ್ಟು ಅಗಲಿಸಿದರೂ ಮುಂದಿನ ಸ್ವರ ಸಿಗಲಿಲ್ಲ. ಮತ್ತೆ ಪ್ರಯತ್ನಿಸಿದಳು. ಆಮೇಲೆ ಕಟ್ಟೆಯ ಮೇಲೆ ಕುಳಿತಳು. ಅವಳು ಬೈದಿದ್ದರೆ ತಿರುಗಿ ಬೈಯಬಹುದಿತ್ತು.

“ದೊಡ್ಡ ಗಂಡಸರೂ ನುಡಸೋದು ಮುಕ್ಕಾಲೇ, ಅಪ್ಪಾ. ಅದೇ ಎಲ್ಲರ ಅಳತಿ,” ಎಂದಳು.

ಹಾಗಾದರೆ ಮುಕ್ಕಾಲಿಗೇ ಪೂರ್ತಿ ಎಂದು ಹೆಸರಿಡಲು ಜಗತ್ತಿಗೇನು ರೋಗ? ನನ್ನ ಈ ನ್ಯಾಯಯುತ ಪ್ರಶ್ನೆ ಯಾರಿಗೂ ಬೇಕಾಗಲಿಲ್ಲ. ಹೆಂಡತಿ ಆಗಲೇ ಮಾರಿದವನಿಗೆ ಫೋನು ಹಚ್ಚಿದ್ದಳು. ಮಾತು ಮುಗಿಸಿ ನನ್ನ ಕಡೆ ತಿರುಗಿದಳು.

“ನಾಳಿ ಮುಂಜಾನಿ ನಾವಿಬ್ರು ಹೋಗಿ ಬದಲಿ ಮಾಡ್ಕೊಂಡು ಬರ್ತೀವಿ. ನೀವು ಬರಬ್ಯಾಡ್ರಿ.”

ಮಾರಿದವನ ಷರತ್ತೂ ಅದೇ ಆಗಿತ್ತಂತೆ!

ಭಾನುವಾರದ ಕಾರ್ಯಕ್ರಮಕ್ಕೂ ಅವರಿಬ್ಬರೇ ಹೋದರು. ಆಟೋದಲ್ಲಿ ವಾದ್ಯ, ಮಗಳು, ಹೆಂಡತಿ; ನನಗೆ ಜಾಗವಿರಲಿಲ್ಲ. ಸಂಜೆ ಶಾಲಿನಿ ಫೋನು ಮಾಡಿ, ಚಲೋ ಆಯಿತು, ಮುಂದಿನ ಕಾರ್ಯಕ್ರಮಕ್ಕೂ ಕರೆದಿದ್ದಾರೆ ಎಂದಳು. ಹೊಟ್ಟೆ ತಂಪಾಯಿತು. ಆದರೆ ಸಿಟ್ಟು ಹಾಗೇ ಇತ್ತಲ್ಲ! ಮಾರುವವನ ಅಹಂಕಾರ, ಕಲ್ಲೂರಿನ ಹಿರಿಯರ ಅವಸರ, ಹೆತ್ತ ತಂದೆಯನ್ನು ಮನೆಯಲ್ಲಿ ಬಿಟ್ಟುಹೋದ ಅನ್ಯಾಯ, ಒಂದೊಂದನ್ನೂ ವಿವರಿಸಿದೆ. ನನ್ನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಬೈದಿರಲಿಲ್ಲ. ಆ ಕಡೆಯವರೂ ತಲೆಬಾಗಿ ಕೇಳುತ್ತಿದ್ದಂತಿತ್ತು.

ಕಿವಿಯಿಂದ ತೆಗೆದು ನೋಡಿದೆ. ಫೋನು ಯಾವಾಗಲೋ ಕಟ್ಟಾಗಿತ್ತು.