ನೂರಕ್ಕೆ ತೊಂಬತ್ತು ಇದ್ದಲು

ಇಷ್ಟಕ್ಕೆಲ್ಲ ಕಾರಣ ಹೆಬ್ಬೆರಳಗಲದ ಒಂದು ಚೀಟಿ. ಹೊಸ ಹಾಕಿ ಸ್ಟಿಕ್ಕಿನ ಹಿಡಿಯ ಕೆಳಗೆ ಅದನ್ನು ಅಂಟಿಸಿದ್ದರು. ಬೆಳ್ಳಿ ಬಣ್ಣದ ಅಕ್ಷರ, ಎರಡೇ ಸಾಲು: ಕಾರ್ಬನ್ ಶೇಕಡಾ ತೊಂಬತ್ತು, ತೂಕ ಐನೂರ ಮೂವತ್ತು ಗ್ರಾಂ. ಬೇರೆ ಯಾರಾದರೂ ಆಗಿದ್ದರೆ ಓದಿ ಮರೆಯುತ್ತಿದ್ದರು. ಆದರೆ ಸ್ಟಿಕ್ ಕೊಂಡವನು ತೂಕ ಮತ್ತು ಅಳತೆ ಕಚೇರಿಯ ಗುಮಾಸ್ತ. ಚೀಟಿಯ ಮೇಲೆ ಬರೆದದ್ದು ಪೊಟ್ಟಣದೊಳಗೆ ಇದೆಯೋ ಇಲ್ಲವೋ ಎಂದು ನೋಡುವುದೇ ಅವನ ಹತ್ತೊಂಬತ್ತು ವರ್ಷದ ಅನ್ನ.

ಕಚೇರಿಯಲ್ಲಿ ಅವನನ್ನು ‘ಹನ್ನೆರಡು’ ಎಂದು ಕರೆಯುತ್ತಿದ್ದರು. ಹಾಕಿ ತಂಡದಲ್ಲಿ ಆಡುವವರು ಹನ್ನೊಂದು ಮಂದಿ. ಹನ್ನೆರಡನೆಯವನಾಗಿ ಬೆಂಚಿನ ಮೇಲೆ ಕೂತು ಇವನು ಹನ್ನೊಂದು ವರ್ಷ ಕಳೆದಿದ್ದ. ಆಡುವವರ ಗಡಿಯಾರ, ಉಂಗುರ, ಕನ್ನಡಕಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಕಾಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮುಂದಿನ ವರ್ಷ ನಲವತ್ತೈದು ತುಂಬುತ್ತದೆ. ಆಮೇಲೆ ಕಚೇರಿಗಳ ಪಂದ್ಯದಲ್ಲಿ ಆಡಲು ನಿಯಮವೇ ಬಿಡುವುದಿಲ್ಲ. ಒಂದೇ ಒಂದು ಸಲ ಸೀಟಿ ಊದಿದಾಗ ಗೆರೆಯ ಒಳಗೆ ನಿಂತಿರಬೇಕು ಎಂಬ ಆಸೆಗೆ ಬಿದ್ದು ಅವನು ಆ ಸ್ಟಿಕ್ ಕೊಂಡದ್ದು.

ಆಸೆ ಕೈಗೂಡಿತ್ತು. ಇಂದು ಸಂಜೆ ನೀರು ಸರಬರಾಜು ಕಚೇರಿಯ ಮೇಲೆ ಸೆಮಿಫೈನಲ್. ಕೊನೆಯ ಒಂದು ಜಾಗಕ್ಕೆ ಇಬ್ಬರಿದ್ದರು: ಇವನು, ಮತ್ತು ಕಾಲೇಜು ತಂಡದಲ್ಲಿ ಆಡಿ ಬಂದ ಟೈಪಿಸ್ಟ್ ಹುಡುಗಿ. ಇಬ್ಬರಲ್ಲಿ ಯಾರು ಮೇಲು ಎಂಬುದು ಎಲ್ಲರಿಗೂ ಗೊತ್ತಿತ್ತು, ಇವನಿಗೂ. ಆದರೆ ತಂಡದ ನಾಯಕರಾದ ಸೂಪರಿಂಟೆಂಡೆಂಟರು ಹೊಸ ಸ್ಟಿಕ್ಕನ್ನು ಕೈಯಲ್ಲಿ ತಿರುಗಿಸಿ ನೋಡಿ, ಅಂಥ ಸ್ಟಿಕ್ಕು ಬೆಂಚಿನ ಮೇಲೆ ಕೂರಬಾರದು ಎಂದರು. ಹೀಗೆ ಜಾಗ ಸಿಕ್ಕಿದ್ದು ಸ್ಟಿಕ್ಕಿಗೆ. ಅದನ್ನು ಹಿಡಿದುಕೊಳ್ಳುವ ಕೆಲಸ ಗುಮಾಸ್ತನಿಗೆ.

ಬೆಳಿಗ್ಗೆ ಹೊರಡುವಾಗ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕಾರ್ಬನ್ ಅಂದರೆ ಏನೆಂದು ಕೇಳಿದರು. ಸುಲಭವಾಗಿ ತಿಳಿಯಲಿ ಎಂದು ಅವನು, ಇದ್ದಲಿನ ಜಾತಿಯದೇ ಎಂದುಬಿಟ್ಟ. ಅತ್ತೆ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

“ಅಂದ್ರೆ ನೂರಕ್ಕೆ ತೊಂಬತ್ತು ಇದ್ದಲು.”

“ಹಾಗಲ್ಲ ಅತ್ತೆ...”

“ನಿಮ್ಮ ಹಳೇ ಮರದ್ದನ್ನ ಒಲೆಗೆ ಹಾಕಿದ್ರೆ ನೂರಕ್ಕೆ ನೂರು ಸಿಗ್ತಿತ್ತಲ್ಲ, ಅಳಿಯಂದ್ರೆ.”

ಆ ಹಳೆಯ ಮರದ ಸ್ಟಿಕ್ ಈಗ ಅವರ ಸ್ವಾಧೀನದಲ್ಲಿತ್ತು. ಅದರ ಬಾಗಿದ ತುದಿಯಿಂದ ಅಟ್ಟದ ಮೇಲಿನ ಡಬ್ಬಗಳನ್ನು ಕೆಳಗೆ ಎಳೆದುಕೊಳ್ಳುವುದನ್ನು ಅವರು ಕಲಿತಿದ್ದರು. ಹನ್ನೊಂದು ವರ್ಷದಲ್ಲಿ ಅದು ಗೋಲಿನ ಕಡೆಗೆ ಎಳೆದದ್ದಕ್ಕಿಂತ ಅಡುಗೆಮನೆಯ ಕಡೆಗೆ ಎಳೆದದ್ದೇ ಹೆಚ್ಚು. ಹೆಂಡತಿಯೋ, ಹೊಸದರ ಬೆಲೆ ಕೇಳಿದ ದಿನ ಕುರ್ಚಿ ಎಳೆದುಕೊಂಡು ಕೂತವಳು, ಆ ವಿಷಯದ ಮಟ್ಟಿಗೆ ಇನ್ನೂ ಎದ್ದಿರಲಿಲ್ಲ.

ಕಚೇರಿಯಲ್ಲಿ ಸ್ಟಿಕ್ಕಿಗೆ ಸ್ವಾಗತ ಜೋರಾಗಿಯೇ ಆಯಿತು. ಒಬ್ಬರು ಅದನ್ನು ಮೂಗಿಗೆ ಹಿಡಿದರು, ಒಬ್ಬರು ಬೆರಳಿನ ಗೆಣ್ಣಿನಿಂದ ಕುಟ್ಟಿ ಕಿವಿಗೊಟ್ಟರು. ಇಷ್ಟು ದುಡ್ಡಿಗೆ ಅದು ತಾನೇ ಹೋಗಿ ಆಡಿ ಬರಬೇಕಿತ್ತು ಎಂದರು ಇನ್ನೊಬ್ಬರು. ಎಲ್ಲರಿಗಿಂತ ಗಟ್ಟಿ ವಿರೋಧ ಬಂದದ್ದು ಮುದ್ರೆಯಣ್ಣನಿಂದ. ಗುಮಾಸ್ತ ತಕ್ಕಡಿಯ ಮುಂದೆ ಕೂತರೆ ಮುದ್ರೆಯಣ್ಣ ಅದೇ ಮೇಜಿನ ಆ ತುದಿಯಲ್ಲಿ ಉಕ್ಕಿನ ಅಚ್ಚು, ಸುತ್ತಿಗೆ ಹಿಡಿದು ಕೂರುವವರು. ಸರಿಯಿರುವ ತೂಕದ ಬಟ್ಟುಗಳಿಗೆ ವರ್ಷದ ಮುದ್ರೆ ಒತ್ತುವುದು ಅವರ ಕೆಲಸ. ಮರದ್ದಾದರೆ ಚೆಂಡು ಎಲ್ಲಿ ತಗುಲಿತು ಎಂದು ಅಂಗೈಗೆ ಸುದ್ದಿ ಕೊಡುತ್ತದೆ, ಇದು ದೊಡ್ಡ ಅಧಿಕಾರಿಯ ಹಾಗೆ ಏನು ತಗುಲಿದರೂ ಸುಮ್ಮನಿರುತ್ತದೆ ಎಂದು ಅವರ ವಾದ. ಗುಮಾಸ್ತ ಬಿಡಲಿಲ್ಲ. ಇದು ನೀರು ಕುಡಿಯುವುದಿಲ್ಲ, ಬಾಗುವುದಿಲ್ಲ, ಚೆಂಡು ಗುಂಡಿನಂತೆ ಹೋಗುತ್ತದೆ, ಮೇಲಾಗಿ ತೂಕ ಐನೂರ ಮೂವತ್ತೇ ಗ್ರಾಂ ಎಂದು ಚೀಟಿ ತೋರಿಸಿದ.

ಮುದ್ರೆಯಣ್ಣ ಕನ್ನಡಕದ ಮೇಲಿನಿಂದ ನೋಡಿದರು. “ಚೀಟೀಲಿ ಬರ್ದಿದ್ದನ್ನ ನಾವು ಯಾವತ್ತಿಂದ ನಂಬೋಕೆ ಶುರು ಮಾಡಿದ್ವಪ್ಪ?”

ಆ ಮಾತು ನಾಟಿತು. ಸ್ಟಿಕ್ಕು ತಕ್ಕಡಿ ಏರಿತು. ಐನೂರ ನಲವತ್ತೊಂದು.

ಹನ್ನೊಂದು ಗ್ರಾಂ ಹೆಚ್ಚು. ಕೋಣೆ ನಕ್ಕಿತು. ಗುಮಾಸ್ತನ ಕಿವಿ ಕೆಂಪಾಯಿತು. ಹಿಡಿಗೆ ಸುತ್ತಿದ ಪಟ್ಟಿ ಹೊದಿಕೆಯ ಲೆಕ್ಕಕ್ಕೆ ಬರುತ್ತದೆ, ಹೊದಿಕೆಯನ್ನು ಕಳೆದೇ ತೂಗಬೇಕು ಎಂದು ಅವನು ಕಾನೂನು ಎತ್ತಿದ. ಅಂಟು ಬಿಡಿಸಿ, ಸುತ್ತು ಸುತ್ತಾಗಿ ಪಟ್ಟಿ ಬಿಚ್ಚತೊಡಗಿದ. ಅದು ಮುಗಿಯುವಷ್ಟರಲ್ಲಿ ನಕ್ಕವರೆಲ್ಲ ಬೇಸರವಾಗಿ ಚಹಾಕ್ಕೆ ಹೋದರು. ಮುದ್ರೆಯಣ್ಣ ಪತ್ರಿಕೆ ಬಿಡಿಸಿಕೊಂಡರು. ಗುಮಾಸ್ತ ಬರಿಮೈ ಸ್ಟಿಕ್ಕನ್ನು ಮತ್ತೆ ತಕ್ಕಡಿಯ ಮೇಲಿಟ್ಟ. ಮುಳ್ಳು ನಡುಗಿ, ನಿಂತಿತು. ಐನೂರ ಮೂವತ್ತು. ಒಂದು ಕೂದಲಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನು ಸ್ಟಿಕ್ಕನ್ನೆತ್ತಿ ಮುದ್ರೆಯಣ್ಣನ ಮುಂದೆ ಇಟ್ಟು, ಗೆದ್ದ ಸಡಗರದಲ್ಲಿ ತಾನು ಎಲ್ಲಿ ಕೂತಿದ್ದೇನೆ ಎಂಬುದನ್ನೇ ಮರೆತು, ಗಟ್ಟಿಯಾಗಿ ಹೇಳಿದ:

“ಸರಿ.”

ಬೇರೆ ಕೋಣೆಗಳಲ್ಲಿ ಜನ ರಜೆಗೂ ಸರಿ ಎನ್ನುತ್ತಿದ್ದರು, ಚಹಾಕ್ಕೂ ಸರಿ ಎನ್ನುತ್ತಿದ್ದರು. ಈ ಮೇಜಿನ ಬಳಿ ಆ ಮಾತಿಗೆ ಒಂದೇ ಅರ್ಥ. ಮುಳ್ಳು ನಿಂತಾಗ ಗುಮಾಸ್ತ ‘ಸರಿ’ ಎನ್ನಬೇಕು, ಮುದ್ರೆಯಣ್ಣ ಹೊಡೆಯಬೇಕು. ಹತ್ತೊಂಬತ್ತು ವರ್ಷದಿಂದ ಇಬ್ಬರ ನಡುವೆ ಬೇರೆ ಮಾತು ಬೇಕಾಗಿರಲಿಲ್ಲ. ಉಳಿದುದಕ್ಕೆಲ್ಲ ‘ಆಯ್ತು’ ಅನ್ನುತ್ತಿದ್ದರು, ‘ಹೂಂ’ ಅನ್ನುತ್ತಿದ್ದರು. ಮುದ್ರೆಯಣ್ಣನ ಕಣ್ಣು ಪತ್ರಿಕೆಯ ಮೇಲೆಯೇ ಇತ್ತು. ಕೈ ಮಾತ್ರ ತನ್ನ ಪಾಡಿಗೆ ಅಚ್ಚನ್ನು ಇಟ್ಟಿತು, ಸುತ್ತಿಗೆಯನ್ನು ಎತ್ತಿತು.

ದಿನವೂ ‘ಟಣ್’ ಎನ್ನುತ್ತಿದ್ದದ್ದು ಇಂದು ‘ಚಟ್’ ಎಂದಿತು.

ಮುದ್ರೆಯೇನೋ ಬಹಳ ಚೆನ್ನಾಗಿ ಬಿದ್ದಿತ್ತು. ಕಚೇರಿಯ ಗುರುತು, ಈ ವರ್ಷದ ಅಂಕಿ, ಎಲ್ಲ ಸ್ಪಷ್ಟ. ಆ ಅಂಕಿಯ ಬಾಲದಿಂದ ಕೂದಲಿನಂಥ ಒಂದು ಬಿರುಕು ಹೊರಟು, ಇಬ್ಬರೂ ನೋಡುತ್ತಿದ್ದಂತೆಯೇ, ಅವಸರವಿಲ್ಲದೆ ಕೆಳಗಿಳಿಯಿತು. ಗುಮಾಸ್ತ ಸ್ಟಿಕ್ಕನ್ನೆತ್ತಿ ಮೇಜಿನ ಕಾಲಿಗೆ ಮೆಲ್ಲಗೆ ತಾಗಿಸಿ ನೋಡಿದ. ಅದು ಎರಡಾಯಿತು.

ಮುದ್ರೆಯಣ್ಣ ಸುತ್ತಿಗೆ ಕೆಳಗಿಟ್ಟು, ಚುಚ್ಚಲು ಅಲ್ಲ, ನಿಜವಾದ ಸಂಕಟದಿಂದಲೇ, “ಮರ ಆಗಿದ್ರೆ ಮುದ್ರೆ ಕೂತಿರ್ತಿತ್ತು,” ಎಂದರು.

ಯಾರಿಗೂ ಹೇಳಬಾರದೆಂದು ಇಬ್ಬರೂ ಬಾಯಿಬಿಟ್ಟು ಹೇಳದೆಯೇ ಒಪ್ಪಿಕೊಂಡರು. ಪಟ್ಟಿಯಲ್ಲಿಲ್ಲದ ವಸ್ತುವಿಗೆ ಸರ್ಕಾರದ ಮುದ್ರೆ ಒತ್ತಿದ್ದು ಗೊತ್ತಾದರೆ ಅಣ್ಣನಿಗೆ ಕಷ್ಟ. ಸ್ಟಿಕ್ಕಿಲ್ಲ ಎಂದು ಗೊತ್ತಾದರೆ ಗುಮಾಸ್ತನಿಗೆ ಬೆಂಚು.

ಮಧ್ಯಾಹ್ನದ ಬಿಡುವಿನಲ್ಲಿ ಅವನು ಏದುಸಿರು ಬಿಡುತ್ತ ಮನೆಗೆ ಓಡಿದ. ಅತ್ತೆ ಅಡುಗೆಮನೆಯಲ್ಲಿ ಕತ್ತು ಮೇಲೆ ಮಾಡಿ, ಹಳೆಯ ಸ್ಟಿಕ್ಕಿನಿಂದ ಒಂದು ಡಬ್ಬದ ಬೆನ್ನು ಹತ್ತಿದ್ದರು. ಅವನು ಆ ಸ್ಟಿಕ್ಕನ್ನು ಇವತ್ತೊಂದು ದಿನಕ್ಕೆ ಕೇಳಿದ.

“ಇದ್ದಲು ಏನಾಯ್ತು?”

ಅದಕ್ಕೆ ಸ್ವಲ್ಪ ವಿಶ್ರಾಂತಿ ಬೇಕಾಗಿದೆ ಎಂದ ಅವನು. ಬೆಳಿಗ್ಗೆ ಅಳಿಯನ ಹೆಗಲಿಗಿಂತ ಎತ್ತರಕ್ಕೆ ಚಾಚಿದ್ದ ಸ್ಟಿಕ್ಕಿನ ಚೀಲ ಈಗ ಸೊಂಟಕ್ಕೆ ಬಂದು ಮುಗಿದಿರುವುದನ್ನು ಅತ್ತೆ ನೋಡಿದರು. ಹೆಚ್ಚು ಕೇಳಲಿಲ್ಲ. ಸಂಜೆಗೆ ಬೇಕಾಗಬಹುದಾದ ಡಬ್ಬಗಳನ್ನೆಲ್ಲ ಇಳಿಸಿಕೊಟ್ಟು ತೆಗೆದುಕೊಂಡು ಹೋಗಬಹುದು ಎಂದರು. ಯಾವ ಡಬ್ಬ ಬೇಕಾಗುತ್ತದೆಂದು ಈಗಲೇ ಹೇಗೆ ಹೇಳುವುದು ಎಂದೂ ಸೇರಿಸಿದರು. ಅವನು ಇಡೀ ಅಟ್ಟವನ್ನೇ ಇಳಿಸಿದ. ಸ್ಟಿಕ್ಕು ಕೈಗಿಡುತ್ತ ಅವರು ಮೆಲ್ಲಗೆ ಅಂದರು: “ಹುಷಾರು. ಇದು ಕೆಲಸಕ್ಕೆ ಬರೋ ಸಾಮಾನು.”

ಉಳಿದದ್ದನ್ನು ಕಚೇರಿಯ ಹಿಂದಿನ ಉಗ್ರಾಣದಲ್ಲಿ ಮಾಡಿದರು. ಮುದ್ರೆಯಣ್ಣ ಕರಿಯ ಟೇಪಿನ ಸುರುಳಿ ತಂದರು. ಮರ ಒಂದಿಷ್ಟೂ ಕಾಣದಂತೆ, ತಲೆಯಿಂದ ತುದಿಯವರೆಗೆ ಬಿಗಿಯಾಗಿ ಸುತ್ತಿದರು. ಆದರೂ ಅದು ಕಾರ್ಬನ್ನಿನಂತೆ ಕಾಣಲಿಲ್ಲ. ಗಾಯಗೊಂಡ ಮರದಂತೆ ಕಂಡಿತು. ಆಗ ಇಬ್ಬರ ಕಣ್ಣೂ ಒಟ್ಟಿಗೆ ಮುರಿದ ತುಂಡಿನ ಮೇಲಿದ್ದ ಬೆಳ್ಳಿ ಚೀಟಿಗೆ ಹೋದವು.

ಚಹಾದ ಲೋಟದ ಹಬೆಗೆ ಹಿಡಿದು, ಉಗುರಿನ ತುದಿಯಿಂದ ಗುಮಾಸ್ತ ಅದನ್ನು ಎಬ್ಬಿಸಿದ. ಒಂದು ಮಾಲಿನ ಚೀಟಿಯನ್ನು ಇನ್ನೊಂದು ಮಾಲಿಗೆ ಹಚ್ಚುವವರನ್ನು ಹಿಡಿಯುವುದೇ ಈ ಕಚೇರಿಯ ಅತಿ ದೊಡ್ಡ ಕೆಲಸ. ಹೋದ ತಿಂಗಳು ತಾನೇ ಸಾಬೂನಿನ ವ್ಯಾಪಾರಿಯೊಬ್ಬನನ್ನು ಇದೇ ತಪ್ಪಿಗೆ ಹಿಡಿದು ಅಳಿಸಿದ್ದ. ಆ ದಿನ ತಾನು ಅವನಿಗೆ ಹೇಳಿದ ಬುದ್ಧಿಮಾತುಗಳೆಲ್ಲ ಈಗ ಪೂರ್ತಿ ನೆನಪಾದವು. ಚೆನ್ನಾಗಿಯೇ ಹೇಳಿದ್ದ. ಚೀಟಿ ಮರಕ್ಕೆ ಅಂಟಿತು.

ಸಂಜೆ ಸೀಟಿ ಊದಿದಾಗ ಗುಮಾಸ್ತ ಗೆರೆಯ ಒಳಗಿದ್ದ.

ಕಚೇರಿ ಪಂದ್ಯಗಳಲ್ಲಿ ಇನ್ನೂ ಹಳೆಯ ಪದ್ಧತಿ, ಮೂವತ್ತೈದು ನಿಮಿಷದ ಎರಡು ಅವಧಿ. ಅವನಿಗೆ ಇದ್ದದ್ದು ಒಂದೇ ಯೋಚನೆ: ಯಾರೂ ಹತ್ತಿರ ಬಂದು ಸ್ಟಿಕ್ಕು ನೋಡಬಾರದು. ತನ್ನ ತಂಡದವರು ಬಂದರೆ ದೂರ ಸರಿದ, ಎದುರಾಳಿಗಳು ಬಂದರೆ ಇನ್ನೂ ದೂರ ಸರಿದ. ಹೀಗೆ ಸರಿಯುತ್ತ ಸರಿಯುತ್ತ, ಯಾರೂ ಇಲ್ಲದ ಖಾಲಿ ಜಾಗಗಳಲ್ಲೇ ಪ್ರತಿ ಸಲವೂ ನಿಂತಿರುತ್ತಿದ್ದ. ಮುಂಚೂಣಿಯ ಆಟಗಾರ ಎಲ್ಲಿ ನಿಲ್ಲಬೇಕೋ ಅದು ಅದೇ ಜಾಗ ಎಂಬುದು ಅವನಿಗೆ ಗೊತ್ತಿರಲಿಲ್ಲ. ಚೆಂಡು ತಾನಾಗಿ ಬರತೊಡಗಿತು. ನೀರು ಸರಬರಾಜಿನವರಿಗೂ ಸ್ಟಿಕ್ಕಿನ ಸುದ್ದಿ ಮುಟ್ಟಿತ್ತು. ಅವನು ಕೈ ಎತ್ತಿದರೆ ಸಾಕು, ಕಾಲು ಉಳಿಸಿಕೊಳ್ಳಲು ಪಕ್ಕಕ್ಕೆ ಜಿಗಿಯುತ್ತಿದ್ದರು.

ಮೊದಲ ಅವಧಿ ಮುಗಿಯುವ ಹೊತ್ತಿಗೆ ಚೆಂಡು ಮತ್ತೆ ಅವನ ಕಾಲಬುಡಕ್ಕೆ ಬಂತು. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಜೋರಾಗಿ ಹೊಡೆದರೆ ಟೇಪು ಹರಿಯುತ್ತದೆ, ಮರದ ಸದ್ದು ಬರುತ್ತದೆ. ಆದ್ದರಿಂದ ಸ್ಟಿಕ್ಕನ್ನು ಆಕಾಶಕ್ಕೆ ಎತ್ತಿ ಹೆದರಿಸಿ, ಕೊನೆಗೆ ಚೆಂಡನ್ನು ಮಲಗಿದ ಮಗುವನ್ನು ಸರಿಸುವ ಹಾಗೆ ಸರಿಸಿದ. ಗುಂಡು ಬರುತ್ತದೆಂದು ಗೋಲ್‌ಕೀಪರ್ ಮೊದಲೇ ಬಲಕ್ಕೆ ಹಾರಿದ್ದ. ಅವನು ನೆಲಕ್ಕೆ ಬಿದ್ದು, ಹೊರಳಿ, ತಲೆ ಎತ್ತಿ ನೋಡಿದ ಮೇಲೂ ಚೆಂಡು ಇನ್ನೂ ಉರುಳುತ್ತಲೇ ಇತ್ತು. ಬ್ಯಾಂಕಿಗೆ ಬಂದ ಮುದುಕರ ಹಾಗೆ ಅತ್ತಿತ್ತ ನೋಡಿಕೊಂಡು ಒಳಗೆ ಹೋಯಿತು.

ಗುಮಾಸ್ತ ಅಲುಗಲಿಲ್ಲ. ಚೆಂಡು ಎಲ್ಲಿ ತಗುಲಿತು ಎಂಬ ಸುದ್ದಿ ಅಂಗೈಯಲ್ಲಿ ಇನ್ನೂ ಬೆಚ್ಚಗಿತ್ತು.

ಅರ್ಧ ಸಮಯಕ್ಕೆ ಆಟ ಒಂದು–ಒಂದು. ನಾಯಕರು ಎರಡೂ ತೋಳು ಚಾಚಿಕೊಂಡು ಓಡಿಬಂದರು. ಗುಮಾಸ್ತ ಅಪ್ಪುಗೆಗೆ ಸಿದ್ಧನಾಗಿ ನಿಂತ. ಅವರು ಅಪ್ಪಿಕೊಂಡದ್ದು ಸ್ಟಿಕ್ಕನ್ನು.

“ನೋಡ್ರಪ್ಪ, ಇವರ ಕೈಲೇ ಇದು ಗೋಲು ಹೊಡೀತು. ಆಡೋಕೆ ಬರೋರ ಕೈಗೆ ಕೊಟ್ರೆ?”

ಎಲ್ಲರಿಗೂ ಅದು ನ್ಯಾಯದ ಮಾತಾಗಿ ತೋರಿತು. ಟೈಪಿಸ್ಟ್‌ಳನ್ನು ಬೆಂಚಿನಿಂದ ಕರೆದರು. ಕನ್ನಡಕ, ಗಡಿಯಾರಗಳ ಕರವಸ್ತ್ರದ ಗಂಟು ಅವಳ ಮಡಿಲಿನಿಂದ ಗುಮಾಸ್ತನ ಕೈಗೆ, ಸ್ಟಿಕ್ಕು ಅವನ ಕೈಯಿಂದ ಅವಳ ಕೈಗೆ ದಾಟಿದವು. ಆಗ ಅವನಿಗೆ ತಡೆಯಲಾಗಲಿಲ್ಲ.

“ಸಾರ್, ಅದು ಮರ.”

ನಾಯಕರು ಕರುಣೆಯಿಂದ ಅವನ ಹೆಗಲು ತಟ್ಟಿದರು. “ಬಿಟ್ಟುಕೊಡೋಕೆ ಹೊಟ್ಟೆ ಉರಿಯುತ್ತೆ, ನಂಗೊತ್ತು. ಅದಕ್ಕೆ ಸುಳ್ಳು ಯಾಕೆ? ಚೀಟಿ ಇದೆಯಲ್ಲ.”

ಒಂದು ಸುತ್ತು ಟೇಪು ಎಳೆದರೆ ನಿಜ ಹೊರಗೆ ಬರುತ್ತಿತ್ತು. ಅದರ ಹಿಂದೆಯೇ, ತೂಕ ಮತ್ತು ಅಳತೆ ಕಚೇರಿಯ ಗುಮಾಸ್ತ ಸುಳ್ಳು ಚೀಟಿ ಅಂಟಿಸಿದ ನಿಜವೂ ಬರುತ್ತಿತ್ತು. ಚಾಚಿದ ಕೈ ಅರ್ಧಕ್ಕೆ ನಿಂತಿತು. ಅವನು ಮುದ್ರೆಯಣ್ಣನ ಕಡೆ ನೋಡಿದ. ಮುದ್ರೆಯಣ್ಣ ಆಕಾಶದ ಉದ್ದಗಲ ಅಳೆಯುತ್ತಿದ್ದರು.

ಟೈಪಿಸ್ಟ್ ಸ್ಟಿಕ್ಕನ್ನು ನೆಲಕ್ಕೆ ಎರಡು ಸಲ ಕುಟ್ಟಿದಳು. ಸದ್ದು ಕೇಳಿದಳು. ತೂಗಿ ನೋಡಿದಳು. ಆಮೇಲೆ ಗುಮಾಸ್ತನನ್ನು ನೋಡಿ, ಅವನಿಗೊಬ್ಬನಿಗೇ ಕೇಳುವಂತೆ ಹೇಳಿದಳು: “ಒಳ್ಳೇ ಮರ, ಸಾರ್.”

ಅವಳು ನಾಯಕರ ಕಡೆ ತಿರುಗಿ, ಕಾರ್ಬನ್ನಿನ ಮಾತೇ ಬೇರೆ ಎಂದು ಎಲ್ಲರಿಗೂ ಕೇಳುವಂತೆ ಹೊಗಳಿ ಮೈದಾನಕ್ಕೆ ಇಳಿದಳು. ತನ್ನನ್ನು ಬೆಂಚಿನಿಂದ ಎಬ್ಬಿಸಿದ ಸುಳ್ಳನ್ನು ಕೆಡಿಸಲು ಅವಳಿಗೇನು ಹುಚ್ಚೇ? ಎರಡು ಗೋಲು ಹೊಡೆದಳು. ಅದೇ ಮರದಿಂದ, ಟೇಪಿನ ಹಂಗಿಲ್ಲದೆ, ಗುಂಡಿನಂತೆ. ಕಟ್ಟಿಗೆಯ ಸದ್ದು ಮೈದಾನದಾಚೆಗೂ ಕೇಳಿತು. ಕಾರ್ಬನ್ನಿನ ನಾದ ಕೇಳಿದಿರಾ ಎಂದು ಬೆಂಚಿನ ಪಕ್ಕದಲ್ಲಿ ನಿಂತವರು ಒಬ್ಬರಿಗೊಬ್ಬರು ಹೇಳಿಕೊಂಡರು.

ಗೆದ್ದ ಮೇಲೆ ನಾಯಕರು ಗೆರೆಯ ಬಳಿಯೇ ತೀರ್ಮಾನಗಳನ್ನು ಕೈಗೊಂಡರು. ಮುಂದಿನ ವಾರ ಫೈನಲ್ಲಿಗೂ ಸ್ಟಿಕ್ಕು ಟೈಪಿಸ್ಟ್‌ಳ ಬಳಿಯೇ ಇರತಕ್ಕದ್ದು, ಕೊಟ್ಟವರು ದೊಡ್ಡ ಮನಸ್ಸು ಮಾಡತಕ್ಕದ್ದು. ಮರದ ಸ್ಟಿಕ್ಕುಗಳ ಕಾಲ ಮುಗಿಯಿತು. ತಂಡಕ್ಕೆ ಇಂಥದ್ದೇ ಹನ್ನೊಂದು ತರಿಸಬೇಕೆಂದು ಮೇಲಿನವರಿಗೆ ಇವತ್ತೇ ಬರೆಯಬೇಕು. ಅವರು ಟೈಪಿಸ್ಟ್‌ಗೆ ಕಾಗದ ತೆಗೆಯಲು ಹೇಳಿ, ಬೆಂಚಿನ ಕಡೆ ಬಂದರು.

“ಅನುಭವಸ್ಥರ ಮಾತು ಒಂದಿದ್ರೆ ಅರ್ಜಿಗೆ ತೂಕ ಬರುತ್ತೆ. ಹನ್ನೊಂದು ವರ್ಷ ಮರದ್ದು ಹಿಡಿದಿದ್ರಿ, ಇವತ್ತು ಇದನ್ನ ಹಿಡಿದ್ರಿ. ಎರಡಕ್ಕೂ ಏನು ವ್ಯತ್ಯಾಸ? ಒಂದೇ ಮಾತಲ್ಲಿ ಹೇಳಿ.”

ಗುಮಾಸ್ತ ಕರವಸ್ತ್ರದ ಗಂಟು ಬಿಚ್ಚಿ, ಅವರ ಕನ್ನಡಕ ಹುಡುಕಿ ಕೊಟ್ಟ. ಖಾಲಿಯಾಗುತ್ತಿದ್ದ ಮೈದಾನವನ್ನು ಸ್ವಲ್ಪ ಹೊತ್ತು ನೋಡಿದ.

“ಮೂವತ್ತೈದು ನಿಮಿಷ, ಸಾರ್.”

ನಾಯಕರು ಕನ್ನಡಕ ಏರಿಸಿಕೊಂಡು, ಮೆಚ್ಚಿ ತಲೆದೂಗಿದರು. ಅಷ್ಟು ಬೇಗ ಗುಣ ಕಾಣಿಸುತ್ತದೆ ಎಂದು ಬರೆಯಲು ಹೇಳಿದರು.

ಟೈಪಿಸ್ಟ್ ಬರೆದುಕೊಂಡಳು.