ಹನ್ನೊಂದನೇ ನಂಬರಿನ ಮೂಗು

ಅರ್ಜುನಪ್ಪನ ಫಜೀತಿಗೆಲ್ಲ ಕಾರಣ ಹತ್ತಿ ಸುತ್ತಿದ ಒಂದು ಕಡ್ಡಿ.

ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಆತ ಹನ್ನೆರಡು ವರ್ಷಗಳಿಂದ ಹಂಗಾಮಿ ವಾರ್ಡ್‌ಬಾಯ್. ಖಾಯಂ ಮಾಡುವ ಆರ್ಡರು ಟೈಪಾಗಿ, ದೊಡ್ಡ ಡಾಕ್ಟರು ಕುಬೇರಪ್ಪನವರ ಸಹಿಗಾಗಿ ಕಾದಿತ್ತು. ಅಷ್ಟರಲ್ಲಿ ಆಪರೇಶನ್ ಆದ ಐವರ ಹೊಲಿಗೆಯಲ್ಲಿ ಕೀವು ತುಂಬಿತು. ಯಾವ ಇಂಜೆಕ್ಷನ್ನಿಗೂ ಜಗ್ಗದ ಕೀಟಾಣು! ಕೊನೆಗೊಂದು ಹೊಸ ಔಷಧಕ್ಕೆ ಮಣಿದು, ಪುಣ್ಯಕ್ಕೆ ಐವರೂ ಗುಣವಾಗಿ ಮನೆಗೆ ಹೋದರು. ಆದರೆ ಅದು ಬಂದದ್ದು ಎಲ್ಲಿಂದ? ಲ್ಯಾಬಿನ ಡಾಕ್ಟರು ವಾಣಿಶ್ರೀ ಸಿಬ್ಬಂದಿಗೆಲ್ಲ ಒಂದೊಂದು ಕಡ್ಡಿ ಕೊಟ್ಟರು.

"ಮೂಗಿನ್ಯಾಗ ತಿರುವಿ ಕೊಡ್ರಿ. ಜೀನ್ ನೋಡಿದ್ರ ಯಾವ ಕೀಟಾಣು ಯಾರ ಕಡಿಂದ ಬಂತು ತಿಳೀತೈತಿ."

ಕಡ್ಡಿಗಳು ಬೆಂಗಳೂರಿಗೆ ಹೋದವು. ಹೆಣ್ಣು ಕೊಡುವವರೂ ಇಷ್ಟು ವಂಶ ವಿಚಾರಿಸಿರಲಿಕ್ಕಿಲ್ಲ.

ವರದಿ ಬಂದ ದಿನ ಅರ್ಜುನಪ್ಪ ತನ್ನೂರು ಹೆಬ್ಬಳ್ಳಿಯಿಂದ ಬರುವಾಗ ಧಾರವಾಡದಲ್ಲಿಳಿದು ಒಂದು ಕಿಲೊ ಫೇಡೆ ತಂದು, ಎಲ್ಲರಿಗೂ ಕೈಯಾರೆ ಹಂಚಿದ.

"ಆರ್ಡರ್ ಬರೂಕಿಂತ ಮೊದ್ಲ ಫೇಡೇನು ಕಾಕಾ?" ಎಂದಳು ನರ್ಸ್ ನಜ್ಮಾ.

"ನನ್ನ ರಿಪೋರ್ಟಿನ ಬಗ್ಗೆ ನನಗ ಖಾತ್ರಿ ಐತಿ. ತಗೋರಿ ಸಿಸ್ಟರ್!"

ಕುಬೇರಪ್ಪನವರ ಕೋಣೆಯಲ್ಲಿ ಎಲ್ಲರೂ ಸೇರಿದರು. ವಾಣಿಶ್ರೀ ಲಕೋಟೆ ಒಡೆದರು. "ಐದೂ ಮಂದಿ ಕೀಟಾಣು ಒಂದ ವಂಶದ್ದು. ಹನ್ನೊಂದನೇ ನಂಬರಿನ ಕಡ್ಡ್ಯಾಗೂ ಅದ ಐತಿ." ಯಾದಿ ನೋಡಿದರು. "ಅರ್ಜುನಪ್ಪ."

ನಜ್ಮಾಳ ಬಾಯೊಳಗಿನ ಫೇಡೆ ಅಲ್ಲೇ ನಿಂತಿತು. ಕಸ ಗುಡಿಸುವ ದೇವಕ್ಕ ತನ್ನ ಪಾಲಿನದನ್ನು ಬುಟ್ಟಿಗೆ ಎಸೆದು, ಫಿನೈಲ್ ಬಾಟಲಿ ತಂದು ಆತನ ಸುತ್ತ ರಂಗೋಲಿ ಎಳೆದಂತೆ ಸುರಿದಳು. "ಅಲ್ಲೇ ನಿಂದ್ರು ಅಣ್ಣಾ, ಗೆರಿ ದಾಟಬ್ಯಾಡ!"

ಕುಬೇರಪ್ಪನವರು ಪೆನ್ನಿನ ಟೋಪಿ ಮುಚ್ಚಿದರು. "ಹಿಂತಾ ಮೂಗಿನವನ್ನ ಹೆಂಗ ಖಾಯಂ ಮಾಡ್ಲೋ?"

ಹನ್ನೆರಡು ವರ್ಷ ನೀರುಪಾಲಾಗುವುದನ್ನು ಕಂಡು ಅರ್ಜುನಪ್ಪ ಚೀರಿಯೇ ಬಿಟ್ಟ.

"ಸಾಹೇಬ್ರ, ಅದು ನನ್ನ ಮೂಗಲ್ರಿ! ನಿಮ್ಮ ಟೈ ಐತ್ರಿ!"

ಕುಬೇರಪ್ಪನವರ ಕೈ ಕೊರಳಿನ ಟೈಗೆ ಹೋಯಿತು.

"ನನ್ನ ಮೂಗಿನ್ಯಾಗ ಏನೈತೋ ಅಂತ ಅಂಜಿಕಿ ಬಂತ್ರಿ. ನಿಮ್ಮ ಟೈ ಮೊಳಿಗೆ ತೂಗಾಕತ್ತಿತ್ತು. ದೊಡ್ಡವರ ಅರಿವಿ, ಇದಕ್ಕಿಂತ ಸ್ವಚ್ಛ ಯಾವುದೈತಿ ಅಂತ ಕಡ್ಡಿ ಅದಕ್ಕ ತಿಕ್ಕಿ ಕೊಟ್ಟೆರಿ."

ಎಲ್ಲರ ಕಣ್ಣೂ ಟೈ ಮೇಲೆ. ಕುಬೇರಪ್ಪನವರಿಗೆ ಅದರ ಗಂಟು ಹಾಕಲು ಬರುತ್ತಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಟೇಲರ್ ಒಬ್ಬ ಹಾಕಿಕೊಟ್ಟ ಗಂಟನ್ನು ಇಂದಿಗೂ ಬಿಚ್ಚದೆ ಕಾಪಾಡಿಕೊಂಡಿದ್ದರು. ಬೆಳಿಗ್ಗೆ ಮಾಲೆಯಂತೆ ಕೊರಳಿಗೆ, ಸಂಜೆ ಮೊಳೆಗೆ. ಒಗೆದರೆ ಗಂಟು ಬಿಚ್ಚೀತೆಂಬ ಭಯಕ್ಕೆ ಅದು ನೀರನ್ನೇ ಕಂಡಿರಲಿಲ್ಲ. ಅವರು ಬಗ್ಗಿ ಹೊಲಿಗೆ ನೋಡುವಾಗಲೆಲ್ಲ ಅದೂ ಬಗ್ಗಿ, ಪೇಶಂಟನ್ನು ಮುಟ್ಟಿ ಮಾತಾಡಿಸುತ್ತಿತ್ತು.

ಮೊದಲು ನಕ್ಕವರು ಕುಬೇರಪ್ಪನವರೇ. "ಕಳ್ಳ ನನ್ನ ಕೊಳ್ಳಾಗ ಅದಾನಲ್ಲೋ!" ಟೈ ಕಿತ್ತು ವಾಣಿಶ್ರೀಯವರ ಸ್ಯಾಂಪಲ್ ಚೀಲಕ್ಕೆ ಹಾಕಿ, ಆರ್ಡರನ್ನು ಮುಂದೆ ಹರವಿಕೊಂಡರು. "ಮೂಲ ಹಿಡಿದಾಂವ ಇವನ. ಈಗ ಸಹಿ ಮಾಡತೇನಿ." ಅರ್ಜುನಪ್ಪನಿಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

"ತಡೀರಿ ಸರ್," ಎಂದರು ವಾಣಿಶ್ರೀ. "ಇವರ ಮೂಗು ಇನ್ನೂ ನೋಡೇ ಇಲ್ಲ."

ಈ ಸಲ ಕಡ್ಡಿಯನ್ನು ಆತನ ಕೈಗೆ ಕೊಡಲಿಲ್ಲ. ಹಿಂದಿನಿಂದ ನಜ್ಮಾ ತಲೆ ಹಿಡಿದಳು, ಮುಂದಿನಿಂದ ವಾಣಿಶ್ರೀ ತಿರುವಿದರು. ಅರ್ಜುನಪ್ಪನ ಕಣ್ಣಲ್ಲಿ ನೀರು ಬಂತು, ಮೈ ನಡುಗಿತು. ತಡೆದ, ತಡೆದ, ಕೊನೆಗೆ ಕಿಟಕಿ ಅದುರುವಂತೆ ಸೀನಿದ.

ವಾಣಿಶ್ರೀ ಚಟ್ಟನೆ ಪಕ್ಕಕ್ಕೆ ಸರಿದರು; ಸೀನು ನೇರ ಆರ್ಡರಿನ ಮೇಲೆ ಬಿತ್ತು.

ವಾಣಿಶ್ರೀ ಚಿಮಟಿಗೆಯಿಂದ ಆ ಹಾಳೆಯ ತುದಿ ಹಿಡಿದೆತ್ತಿ, ಪ್ಲಾಸ್ಟಿಕ್ ಚೀಲಕ್ಕಿಳಿಸಿ ಸೀಲು ಹಾಕಿ, ಮೇಲೆ ಯಾದಿಯ ಮುಂದಿನ ನಂಬರು 'ಮೂವತ್ತೆರಡು' ಎಂದು ಬರೆದರು.

ಕುಬೇರಪ್ಪನವರು ಮತ್ತೆ ಪೆನ್ನು ಮುಚ್ಚಿದರು. "ಇದೂ ಬೆಂಗಳೂರಿಗೆ ಹೋಗಿ ಬರಲೆಪಾ. ಪಾಸಾದ್ರ ಸಹಿ ಮಾಡೂಣಂತ."