ಬೀಡಿ ಆರಿಸಿ ಒಳಗೆ ಬನ್ನಿ

ನಮ್ಮ ಚಿಕ್ಕಪ್ಪನ ಎಡ ಹುಬ್ಬು ಬಲ ಹುಬ್ಬಿಗಿಂತ ಅರ್ಧ ಅಂಗುಲ ಗಿಡ್ಡವಿತ್ತು. ಉಳಿದದ್ದನ್ನು ವಿಮಾನದ ಎಂಜಿನ್ ತಿಂದಿತು. ಜೊತೆಗೆ ಬುದ್ಧಿಯನ್ನೂ ತಿಂದಿತೆಂಬುದು ಆಗ ನನ್ನ ಖಚಿತ ಅಭಿಪ್ರಾಯ!

ಯುದ್ಧದ ಕಾಲದಲ್ಲಿ ಅವರಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ. ಎಂಥ ಕೆಲಸ? ಎಂಜಿನ್ ಶುರುವಾಗುವಾಗ ಹೊಗೆಕೊಳವೆ ಬೆಂಕಿ ಉಗುಳಿದರೆ ಆರಿಸುವುದು. ಉಗುಳದಿದ್ದರೆ ಸುಮ್ಮನೆ ನಿಂತಿರುವುದು! ಯುದ್ಧ ಮುಗಿಯಿತು, ಚಿಕ್ಕಪ್ಪನ ಹುಚ್ಚು ಮುಗಿಯಲಿಲ್ಲ. ಹರಾಜಿನಲ್ಲಿ ವಿಮಾನದ ಹಳೇ ಎಂಜಿನ್ ಒಂದನ್ನು ಹಿಡಿದು, ಎತ್ತಿನ ಗಾಡಿಯಲ್ಲಿ ನಮ್ಮ ಹಳ್ಳಿ ಮಧುರೆಗೆ ತಂದು, ನಮ್ಮ ತೋಟದ ಬಾವಿಯ ಪಕ್ಕ ಕೂರಿಸಿದರು. ನೀರೆತ್ತಲಂತೆ! ಅದರ ಆರ್ಭಟಕ್ಕೆ ಮೇಲೆದ್ದದ್ದು ಊರಿನ ಕೋಳಿಗಳು ಮಾತ್ರ.

ಅಂದಿನಿಂದ "ಬೀಡಿ ಆರಿಸಿ ಒಳಗೆ ಬನ್ನಿ" ಎಂಬುದೇ ನಮ್ಮ ಮನೆಯ ಸ್ವಾಗತ. ಬೀಡಿ ಮುಟ್ಟದ ಪುರೋಹಿತರಿಗೂ! ಅಜ್ಜಿ ಒಲೆ ಹಚ್ಚಿದರೆ ಹಿಂದೆಯೇ ಒದ್ದೆ ಗೋಣಿಚೀಲ ಹಿಡಿದ ಚಿಕ್ಕಪ್ಪ.

"ಲೋ, ಮುದ್ದೆ ಬೇಯಿಸ್ತಿದೀನಿ ಕಣೋ, ವಿಮಾನ ಹಾರಿಸ್ತಿಲ್ಲ!"

"ಬೆಂಕಿಗೆ ಅದು ಗೊತ್ತಾಗ್ಬೇಕಲ್ಲಮ್ಮ."

ಕೊನೆಗೆ ತಾತನ ತಾಳ್ಮೆ ತಪ್ಪಿತು. "ಆಯುಧಪೂಜೆ ದಿನ ಇದು ನೀರೆತ್ತದಿದ್ರೆ ಮಾರನೇ ಬೆಳಗ್ಗೆ ಗುಜರಿಯವನು ಬರ್ತಾನೆ."

ಆ ದಿನ ಚಿಕ್ಕಪ್ಪ ಎಂಜಿನ್ನಿಗೆ ಹೂವು, ಕುಂಕುಮ ಇಟ್ಟರು. ಕರ್ಪೂರ ಮಾತ್ರ ಕೂಡದು! ಆಳು ಎಂಜಿನ್ನಿನ ಮೂತಿಗಿದ್ದ ಮರದ ರೆಕ್ಕೆಯನ್ನು ತಿರುಗಿಸಿ ತಿರುಗಿಸಿ ಬೆವರಿದ. ಎಂಜಿನ್ ಕೆಮ್ಮಿತೇ ಹೊರತು ಏಳಲಿಲ್ಲ. ಕೊಳವೆಯಿಂದ ಪೆಟ್ರೋಲ್ ತೊಟ್ಟಿಕ್ಕತೊಡಗಿತು. ಚಿಕ್ಕಪ್ಪ ಸ್ಪ್ಯಾನರಿಗೆಂದು ಆಚೆ ತಿರುಗಿದರು.

"ದೀಪ ತೋರಿಸ್ದೆ ಯಾವ ದೇವ್ರು ಒಲೀತಾನೆ?" ಎಂದು ಅಜ್ಜಿ ಸೆರಗಿನಡಿಯಿಂದ ಕರ್ಪೂರ ತೆಗೆದು ಹಚ್ಚಿಯೇಬಿಟ್ಟರು. ಬಿ.ಎ. ಓದಿದ ನಾನು ಪಕ್ಕದಲ್ಲಿ ಹರಿವಾಣ ಹಿಡಿದು ಒಳಗೊಳಗೇ ನಗುತ್ತಿದ್ದೆ.

ಭಗ್!

ಬೆಂಕಿ ಎಂಜಿನ್ನಿಗೂ ಹತ್ತಿತು, ನನ್ನ ಸೆರಗಿಗೂ ಹತ್ತಿತು. ಒದ್ದೆ ಗೋಣಿಚೀಲ ಇದ್ದದ್ದು ಒಂದೇ. ಚಿಕ್ಕಪ್ಪ ಎಂಜಿನ್ನಿನ ಕಡೆ ತಿರುಗಿಯೂ ನೋಡಲಿಲ್ಲ. ನನ್ನನ್ನು ಚೀಲದಲ್ಲಿ ಸುತ್ತಿ ನೆಲಕ್ಕೆ ಕೆಡವಿದರು. ಆಮೇಲೆ ಮಣ್ಣೆರಚುವ ಹೊತ್ತಿಗೆ ಎಂಜಿನ್ನಿನ ತಂತಿ, ರಬ್ಬರು ಎಲ್ಲ ಕರಕಲು.

"ಎಲ್ಲಾದ್ರೂ ಸುಟ್ಟಿತೇನಮ್ಮ?" ಎಂದರು.

ನಾನು ಅವರ ಮುಖ ನೋಡಿದೆ. ಬಲ ಹುಬ್ಬೂ ಅರ್ಧ ಅಂಗುಲ ಸುಟ್ಟುಹೋಗಿತ್ತು. ಈಗ ಎರಡೂ ಸಮ.

ಮಾರನೇ ಬೆಳಗ್ಗೆ ತಾತ ಏಳುವ ಮೊದಲೇ ಹೋಗಿ ತೋಟದ ಬಾಗಿಲಲ್ಲಿ ನಿಂತೆ. ಗುಜರಿಯವನ ಗಾಡಿ ಬಂತು.

"ಎಂಜಿನ್ ಮಾರೋಕಿಲ್ಲ," ಎಂದೆ.

"ಅಷ್ಟು ದೂರದಿಂದ ಬಂದ್ಬಿಟ್ನಲ್ಲಮ್ಮ! ಕುಡಿಯೋಕೆ ನೀರಾದ್ರೂ ಕೊಡ್ತೀರಾ?"

"ಕೊಡ್ತೀನಿ. ಬೀಡಿ ಆರಿಸಿ ಒಳಗೆ ಬನ್ನಿ."